ಬೈಂಡಿಂಗ್ ಮೇಜಿಗೆ ಹಾಕಿದ ಪ್ರದಕ್ಷಿಣೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಹಾಳೆಗಳನ್ನು ತರಲು ಹಾಸನಕ್ಕೆ ಹೋದದ್ದು ಬುಧವಾರ ಎಂದು ನನ್ನ ನೆನಪು. ಗುರುವಾರ ಎಂದು ನಮ್ಮ ಯಜಮಾನರ ವಾದ. ನಾನು ದಿನಚರಿ ಬರೆಯುವವಳು. ತೆಗೆದು ನೋಡಿದರೆ ಮುಗಿಯಿತಲ್ಲ ಎಂದು ತೆಗೆದು ನೋಡಿದೆ. ಎರಡೂ ದಿನದ ಪುಟದಲ್ಲಿ ಒಂದೇ ಸಾಲು ಇತ್ತು: 'ಹಾಸನ. ಸೆಖೆ. ಬಸ್ಸಿನಲ್ಲಿ ಸೀಟು ಸಿಕ್ಕಿತು.' ಎರಡು ಸಲ ಹೋದೆನೋ, ಒಂದು ಸಲ ಹೋದದ್ದನ್ನು ಎರಡು ಸಲ ಬರೆದೆನೋ, ಆ ದೇವರೇ ಬಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ತನ್ನ ಬಗ್ಗೆ ಇಟ್ಟುಕೊಂಡ ದಾಖಲೆ ಈ ಮಟ್ಟದ್ದು!

ಆದರೆ ನಾನು ಮಾಡಿದ ಎಡವಟ್ಟುಗಳ ವಿಷಯದಲ್ಲಿ ಅನುಮಾನವಿಲ್ಲ. ಅವಕ್ಕೆ ಸಾಕ್ಷಿಗಳಿದ್ದಾರೆ.

ನಿಂಗಮ್ಮತ್ತೆ ನನ್ನ ಅಪ್ಪನ ಅಕ್ಕ. ಅರಕಲಗೂಡು ಸೀಮೆಯ ಒಂದು ಹಳ್ಳಿಯವರು. ಆ ಕಡೆ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಪದ ಹೇಳಲು ಅವರೇ ಬೇಕು. ಅವರು ಹೇಳುತ್ತಿದ್ದ ಪದಗಳನ್ನು ಹೋದಾಗ ಬಂದಾಗಲೆಲ್ಲ ನಾನು ಬರೆದುಕೊಳ್ಳುತ್ತಿದ್ದೆ. ಹೋದ ವರ್ಷ ಅವರ ಮೊಮ್ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಮದುವೆ ಅತ್ತೆಯ ಮಗ ಇರುವ ಚನ್ನರಾಯಪಟ್ಟಣದಲ್ಲಿ, ಗಂಡಿನ ಮನೆ ನುಗ್ಗೇಹಳ್ಳಿಯಲ್ಲಿ. ಅತ್ತೆ ನನಗೆ ಫೋನ್ ಮಾಡಿಸಿದರು.

"ಸುಧಾ, ನೀನು ಬರ್ಕಂಡಿದ್ಯಲ್ಲ ಪದಗಳು, ಅವು ಅವಾ ಇನ್ನೂ? ಇಲ್ಲ ಒಲೆಗೆ ಆಕ್ದಾ?"

"ಇವೆ ಅತ್ತೆ. ಜೋಪಾನವಾಗಿ ಇಟ್ಟಿದ್ದೀನಿ."

"ಅಂಗಾರೆ ಪುಸ್ತಕ ಮಾಡ್ಸು. ನಮ್ ಕಾವ್ಯನ ಮಡಿಲಿಗೆ ಅಕ್ಕಿ ಕಾಯಿ ಜತೆಗೆ ನನ್ ಪದಾನೂ ಆಕಿ ಕಳಿಸ್ಬೇಕು. ಬಂದೋರಿಗೂ ತಾಂಬೂಲದ ಜತೆ ಒಂದೊಂದು ಕೊಡಾನ."

ನಂತರ ಒಂದು ಎಚ್ಚರಿಕೆ ಬಂತು. ಇದು ಮಾತ್ರ ನನಗೆ ಅಕ್ಷರಶಃ ನೆನಪಿದೆ.

"ಪದಕ್ಕೆ ಒಂದು ವರ್ಸೆ ಅಂತ ಐತೆ ಕಣವ್ವ. ಅರಿಸ್ನದ ಪದ ಮೊದ್ಲು, ಎಣ್ಣು ಒಪ್ಸೋ ಪದ ಕಡೇಲಿ. ಎಣ್ಣು ಒಪ್ಸೋ ಪದಾನ ಮೊದ್ಲು ತಂದ್ಯೋ, ಎಣ್ಣು ಓದ್ ದಾರೀಲೇ ವಾಪಸ್ ಬತ್ತಾಳೆ!"

"ಅದೇನು ಅತ್ತೆ, ಅಷ್ಟೂ ಗೊತ್ತಾಗಲ್ವಾ ನನಗೆ?" ಎಂದೆ. ಕ್ರಮಬದ್ಧತೆ ನನ್ನ ಹುಟ್ಟುಗುಣ ಎಂದು ಆಗ ನಾನು ನಂಬಿದ್ದೆ.

ನಾವಿರುವುದು ಹೊಳೆನರಸೀಪುರದಲ್ಲಿ. ಅಲ್ಲಿಂದ ಹಾಸನಕ್ಕೆ ಹೋಗಿ ಪ್ರೆಸ್ಸು ಹುಡುಕಿದೆ. ಒಂದು ಕಡೆ ಡಿಜಿಟಲ್ ಮಿಷನ್ನು, ಇನ್ನೊಂದು ಕಡೆ ಆಫ್‌ಸೆಟ್ ಮಿಷನ್ನು, ಹಿಂದಿನ ಹಾಲಿನಲ್ಲಿ ಅವರದೇ ಬೈಂಡಿಂಗ್ ವಿಭಾಗ. ಬರಹ ಕೊಟ್ಟರೆ ಪುಸ್ತಕವಾಗಿಯೇ ಆಚೆ ಬರುವಂಥ ಜಾಗ. ಪ್ರೆಸ್ಸಿನ ಮಾಲೀಕರು ಲೋಕೇಶಪ್ಪ ನಿಧಾನದ ಮನುಷ್ಯ.

"ಇನ್ನೂರು ಕಾಪಿ ತಾನೆ ಮೇಡಂ? ಬಣ್ಣದ ಹೊದಿಕೆ ಡಿಜಿಟಲ್ಲಲ್ಲಿ ತೆಗೀತೀವಿ, ಒಳಗಿನ ಪುಟ ಆಫ್‌ಸೆಟ್ಟಲ್ಲಿ. ಅರವತ್ನಾಲ್ಕು ಪುಟ ಅಂದ್ರೆ ನಾಲ್ಕು ಫಾರಂ. ಒಂದು ದೊಡ್ಡ ಹಾಳೆ ಮೇಲೆ ಹದಿನಾರು ಪುಟ ಬರುತ್ತೆ. ಮಡಚಿದ್ರೆ ಅದೇ ಒಂದು ಫಾರಂ."

ನಾನು ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ತಿಳಿಯದಿದ್ದಾಗ ನಾನು ಹೆಚ್ಚು ಜೋರಾಗಿ ತಲೆಯಾಡಿಸುತ್ತೇನೆ.

ಕರಡು ತಿದ್ದಿದ್ದಾಯಿತು, ಅಚ್ಚೂ ಆಯಿತು. ಮದುವೆ ಭಾನುವಾರ. ಆ ವಾರದ ಬುಧವಾರವೋ ಗುರುವಾರವೋ ನಮ್ಮ ಯಜಮಾನರ ಜೊತೆ ಪ್ರೆಸ್ಸಿಗೆ ಹೋದರೆ ಲೋಕೇಶಪ್ಪನವರ ಮುಖ ಬಾಡಿತ್ತು. ಮಡಚುವ ಮಿಷನ್ನಿನ ರೋಲರು ಹೋಗಿತ್ತು. ಬದಲಿ ಸಾಮಾನು ಬೆಂಗಳೂರಿನಿಂದ ಸೋಮವಾರ ಬರಬೇಕು. ಬೈಂಡಿಂಗಿನ ಹೆಂಗಸರು ಬೇರೆ ಯಾವುದೋ ಶಾಲೆಯ ಪುಸ್ತಕಗಳನ್ನು ಕೈಯಲ್ಲೇ ಮಡಚುತ್ತ ಕೂತಿದ್ದರು.

"ಎಂಟುನೂರು ಹಾಳೆ ಮೇಡಂ. ಇವರು ಅದನ್ನ ಮುಗ್ಸಿ ನಿಮ್ಮದು ಹಿಡಿಯೋ ಹೊತ್ಗೆ ಸೋಮವಾರ ಆಗುತ್ತೆ."

ಆಗ ನನ್ನ ಬಾಯಿಂದ ಆ ಐತಿಹಾಸಿಕ ಮಾತು ಹೊರಬಿತ್ತು. "ಬರೀ ಮಡಚೋದು ತಾನೆ? ಮದುವೆಮನೆ ತುಂಬ ಹೆಂಗಸರಿದ್ದಾರೆ. ಕೊಡಿ, ನಾವೇ ಮಡಚಿ ತರ್ತೀವಿ!"

ಲೋಕೇಶಪ್ಪ ಹಿಂದಿನ ಹಾಲಿನ ಕಡೆ ತಿರುಗಿ "ಶಕೀಲಕ್ಕಾ" ಎಂದು ಕರೆದರು. ಬೈಂಡಿಂಗ್ ವಿಭಾಗದ ಹಿರಿಯಳು ಬಂದಳು. ಹದವಾದ ಎತ್ತರ, ಸೆರಗು ಬಿಗಿದು ಕಟ್ಟಿದ ಸೊಂಟ, ಕೈಯಲ್ಲಿ ನಯವಾದ ಒಂದು ಬಿದಿರಿನ ಪಟ್ಟಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಹಾಳೆ ಎಳೆದಳು. ಹಾಳೆಯ ಮೇಲೆ ಒಂದನೇ ಪುಟದ ಪಕ್ಕ ಹದಿನಾರನೇ ಪುಟ, ಅವುಗಳ ನೆತ್ತಿಯ ಮೇಲೆ ತಲೆಕೆಳಗಾಗಿ ನಿಂತ ಎಂಟು, ಒಂಬತ್ತು! ನನಗೆ ಗಾಬರಿಯಾಯಿತು.

"ಗಾಬರಿ ಬೇಡ ಅಕ್ಕಾ. ಹಿಂಗೇ ಇರ್ಬೇಕು. ಇಲ್ಲಿ ನೋಡಿ, ಹಿಂಗಿಟ್ಕೊಂಡು ಒಂದು ಮಡಿಕೆ. ತಿರುಗಿಸಿ ಇನ್ನೊಂದು. ಮತ್ತೆ ತಿರುಗಿಸಿ ಇನ್ನೊಂದು. ನಂಬರ್ ಮೇಲೆ ನಂಬರ್ ಬರಾಬರ್ ಕೂತ್ಕೋಬೇಕು. ಆಯ್ತು."

ಮೂರು ಸಲ ಬಿದಿರು ಪಟ್ಟಿ ಸರ್ರೆಂದಿತು. ಅಡ್ಡಾದಿಡ್ಡಿಯಾಗಿದ್ದ ಹದಿನಾರು ಪುಟಗಳು ಒಂದರ ಹಿಂದೊಂದು ಸಾಲಾಗಿ ನಿಂತವು. ಬೆಳಿಗ್ಗೆ ಪ್ರಾರ್ಥನೆಗೆ ಗಂಟೆ ಹೊಡೆದೊಡನೆ ಸಾಲು ಕಟ್ಟುವ ಮಕ್ಕಳ ಹಾಗೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಬರ್ಕೋತೀರಾ?" ಎಂದು ಕೇಳಿದಳು ಶಕೀಲಕ್ಕ.

ಬೆಳಿಗ್ಗೆ ತಿಂದ ಉಪ್ಪಿಟ್ಟನ್ನೂ ಬರೆದಿಡುವವಳು ನಾನು. ಅಂದು ಮಾತ್ರ "ಬೇಡ, ನೆನಪಿರುತ್ತೆ" ಎಂದೆ.

ಆಕೆ ನನ್ನ ಮಾತು ನಂಬಲಿಲ್ಲವೆಂದು ಕಾಣುತ್ತದೆ. ಮಡಚಿದ ಆ ಫಾರಮ್ಮನ್ನೇ ನನ್ನ ಕೈಗಿಟ್ಟು, "ಇದು ಮಾದರಿ. ಇದನ್ನ ನೋಡ್ಕೊಂಡು ಮಾಡಿ" ಎಂದಳು.

ಎಂಟುನೂರು ಹಾಳೆಗಳನ್ನು ಎರಡು ಕಟ್ಟು ಮಾಡಿಕೊಟ್ಟರು. ನಾನು ಒಂದು, ಯಜಮಾನರು ಒಂದು ಹೊತ್ತು ಬಸ್ಸು ಹತ್ತಿದೆವು. "ಇಷ್ಟು ದಿನ ಪುಸ್ತಕ ಕೊಂಡು ತರ್ತಿದ್ದೆ, ಈಗ ಕಚ್ಚಾ ಸಾಮಾನು ತರೋಕೆ ಶುರು ಮಾಡಿದ್ದೀಯ" ಎಂದರು ಅವರು. ನನ್ನ ಗಮನವೆಲ್ಲ ಕೈಯಲ್ಲಿದ್ದ ಮಾದರಿಯ ಮೇಲಿತ್ತು. ಇದನ್ನು ಹೇಗೆ ಮಡಚಿದ್ದಾಳೆ ಎಂಬ ಕುತೂಹಲ ತಡೆಯಲಾಗಲಿಲ್ಲ. ಬಿಚ್ಚಿ ನೋಡಿದೆ.

ಬಿಚ್ಚುವುದು ಬಹಳ ಸುಲಭ.

ಹೊಳೆನರಸೀಪುರ ಬರುವವರೆಗೂ ಅದನ್ನು ಮತ್ತೆ ಮೊದಲಿನಂತೆ ಮಡಚಲು ನೋಡಿದೆ. ಒಂದನೇ ಪುಟವಾದ ಮೇಲೆ ಎಂಟು ಬಂತು. ಇನ್ನೊಮ್ಮೆ ಹದಿಮೂರು ಬಂತು. ಮಡಿಕೆ ಬಿದ್ದೂ ಬಿದ್ದೂ ಹಾಳೆ ಮಂಡಕ್ಕಿ ಪೊಟ್ಟಣದ ಹಾಗಾಯಿತು. ಕೊನೆಗೆ ಪಕ್ಕದ ಸೀಟಿನ ಅಜ್ಜಿಯೊಬ್ಬರು, "ಯಾಕವ್ವಾ ಆ ಪೇಪರ್‌ನ ಅಂಗೆ ಗೋಳಾಡಿಸ್ತೀಯ?" ಎಂದು ಕೇಳಿಯೇಬಿಟ್ಟರು. ಮಾದರಿಯನ್ನು ಬ್ಯಾಗಿನ ತಳಕ್ಕೆ ತುರುಕಿದೆ.

ಶುಕ್ರವಾರ ಚನ್ನರಾಯಪಟ್ಟಣದ ಮದುವೆಮನೆ. ಹಾಲಿನ ತುಂಬ ಚಾಪೆ ಹಾಸಿ, ಹಾಳೆಗಳನ್ನು ಹರಡಿ, ಹೆಂಗಸರನ್ನೆಲ್ಲ ಕೂರಿಸಿದೆ. ಅತ್ತೆಯ ಸೊಸೆ ಜಯಂತಿ, ಅಂದರೆ ಮದುಮಗಳ ತಾಯಿ, ಸೆರಗು ಸಿಕ್ಕಿಸಿಕೊಂಡು ಬಂದಳು. ಪಕ್ಕದ ಮನೆಯ ಸಾವಿತ್ರಮ್ಮ ಬಂದರು. ಇನ್ನೂ ನಾಲ್ಕೈದು ಜನ ಕೂತರು. "ಮೂರು ಮಡಿಕೆ. ನಂಬರ್ ಮೇಲೆ ನಂಬರ್" ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟೆ. ಎಲ್ಲಿಂದ ಎಲ್ಲಿಗೆ ಮಡಿಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಒಂದು ಬಟ್ಟಲಿನಲ್ಲಿ ಅರಿಶಿನ ಕಲಸಿಕೊಂಡು ಬಂದರು.

"ತಡೀರ್ರವ್ವಾ! ಮದ್ವೆಮನೆಗೆ ಬಂದ ಪೇಪರ್‌ಗೆ ಅರಿಸ್ನ ಮುಟ್ಟಿಸ್ದೆ ಮಡಿಚ್ತಾರಾ?"

"ಅತ್ತೆ, ಅದು ಲಗ್ನಪತ್ರಿಕೆಗೆ ಹಚ್ಚೋದು. ಇವು ಇನ್ನೂ ಪುಸ್ತಕವೇ ಆಗಿಲ್ಲ."

"ಆಗ್ದಿದ್ರೆ ಏನಾತು? ಉಟ್ಟಿದ ಮಗೀಗೆ ಅರಿಸ್ನ ಅಚ್ಚಲ್ವಾ?"

ಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚುವಂತೆ ಪ್ರತಿ ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಬಿತ್ತು. ಎಂಟುನೂರು ಹಾಳೆ, ಒಂದೊಂದಕ್ಕೆ ನಾಲ್ಕು ಬೊಟ್ಟು. ಅತ್ತೆಯ ಕೈ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. ಹಚ್ಚುತ್ತ ಹಚ್ಚುತ್ತ ಪದ ಹೇಳಿದರು. ಕೇಳುತ್ತ ಕೇಳುತ್ತ ಉಳಿದವರು ಮಡಚಿದರು. ಮನೆಯೆಲ್ಲ ಎಷ್ಟು ಚೆನ್ನಾಗಿತ್ತೆಂದರೆ, ಯಾರು ಹೇಗೆ ಮಡಚುತ್ತಿದ್ದಾರೆ ಎಂದು ನೋಡುವುದೇ ನನಗೆ ಮರೆತುಹೋಯಿತು.

ಶನಿವಾರ ಬೆಳಿಗ್ಗೆ ಕಟ್ಟುಗಳನ್ನು ಹೊತ್ತು ಹಾಸನದ ಪ್ರೆಸ್ಸಿನಲ್ಲಿ ಇಳಿಸಿದಾಗ ನನ್ನ ನಡಿಗೆಯಲ್ಲಿ ಒಂದು ಗತ್ತಿತ್ತು. ಶಕೀಲಕ್ಕ ಮೇಲಿನ ಫಾರಮ್ಮು ತೆಗೆದು ಪುಟ ತಿರುವಿದಳು. ಎರಡನೆಯದನ್ನು ತೆಗೆದಳು. ಮೂರನೆಯದನ್ನು ತೆಗೆದು ಬೆಳಕಿಗೆ ಹಿಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು.

"ಅಕ್ಕಾ, ಇದನ್ನ ಯಾರು ಮಡಚಿದ್ದು?"

"ಯಾಕೆ? ನಮ್ಮ ಜಯಂತಿ."

"ಸೀರೆ ಮಡಚೋ ಹಾಗೆ ಮಡಚಿದ್ದಾರೆ. ಉದ್ದಕ್ಕೆ, ನೆರಿಗೆ ಹಿಡಿದು. ಇದು?"

"ಸಾವಿತ್ರಮ್ಮನದು ಇರಬೇಕು."

"ಕಡ್ಲೆಕಾಯಿ ಕಟ್ಟೋಕೆ ಚೆನ್ನಾಗಿದೆ. ತಪ್ಪು ಮಡಚೋದ್ರಲ್ಲಿ ಒಂದು ರೀತಿ ಇದ್ರೆ ಜಲ್ದಿ ಸರಿ ಮಾಡಬಹುದು ಅಕ್ಕಾ. ಇಲ್ಲಿ ಏಳು ಜನ ಏಳು ರೀತಿ ತಪ್ಪು ಮಾಡಿದ್ದೀರ!"

ನನ್ನದು ಯಾವುದು ಎಂದು ಆಕೆ ಕೇಳಲಿಲ್ಲ. ನಾನು ಅದನ್ನು ಮೆಲ್ಲಗೆ ಕಟ್ಟಿನ ತಳಕ್ಕೆ ಸರಿಸಿದೆ.

ಮಾರನೇ ದಿನ ಧಾರೆ. ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಬರಿಗೈಯಲ್ಲಿ ಹೋಗಿ ಅವರ ಮುಂದೆ ಹೇಗೆ ನಿಲ್ಲಲಿ? ಕಣ್ಣಲ್ಲಿ ನೀರು ಬಂತೆಂದು ಕಾಣುತ್ತದೆ. ಬರಲಿಲ್ಲ, ಬರೀ ಮೂಗು ಸೋರುತ್ತಿತ್ತು ಎಂದು ಯಜಮಾನರು ಹೇಳುತ್ತಾರೆ. ಏನೋ ಒಂದು. ಶಕೀಲಕ್ಕ ನನ್ನ ಮುಖ ನೋಡಿದಳು. ಲೋಕೇಶಪ್ಪನವರ ಲೆಕ್ಕಕ್ಕಿಂತ ಮೊದಲೇ, ಹಿಂದಿನ ದಿನವಷ್ಟೇ ಮುಗಿದಿದ್ದ ಶಾಲೆಯ ಪುಸ್ತಕಗಳ ರಾಶಿಯನ್ನು ಗೋಡೆಗೆ ಸರಿಸಿದಳು. ಇಬ್ಬರು ಹೆಂಗಸರನ್ನು ಕರೆದಳು. "ಎಲ್ಲಾ ಬಿಚ್ಚಿ. ಮೊದ್ಲಿಂದ ಮಡಚೋಣ."

ಮುಂದಿನ ಮೂರು ನಾಲ್ಕು ಗಂಟೆ ನಾನು ಕಂಡದ್ದನ್ನು ಹೇಗೆ ಬರೆಯಲಿ? ಆ ಕೈಗಳಿಗೆ ಅವಸರವೇ ಇರಲಿಲ್ಲ. ಆದರೂ ಹಾಳೆಗಳ ಗುಡ್ಡೆ ಕರಗುತ್ತಲೇ ಇತ್ತು. ನಮ್ಮ ತಪ್ಪು ಮಡಿಕೆಗಳನ್ನು ಬಿದಿರು ಪಟ್ಟಿಯಿಂದ ಒಮ್ಮೆ ಸವರಿ ಚಪ್ಪಟೆ ಮಾಡುವುದು, ತಿರುಗಿಸುವುದು, ಮಡಚುವುದು, ಸರ್, ಸರ್, ಸರ್. ಮಾತಿಗೆ ಮಾತೂ ನಡೆಯುತ್ತಿತ್ತು. ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕ ಕಥೆ ಹೇಳುತ್ತ ಶಕೀಲಕ್ಕ ಹತ್ತು ಫಾರಮ್ಮು ಮುಗಿಸುವ ಹೊತ್ತಿಗೆ ನಾನು, ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿ, ಒಂದನ್ನು ಮುಗಿಸುತ್ತಿದ್ದೆ. ಆ ಒಂದನ್ನೂ ಆಕೆ ಮಾತು ನಿಲ್ಲಿಸದೆ ನನ್ನ ಕೈಯಿಂದ ತೆಗೆದುಕೊಂಡು ಸರಿಮಾಡಿ ಕಟ್ಟಿಗೆ ಸೇರಿಸುತ್ತಿದ್ದಳು.

ನಡುವೆ ಅರಿಶಿನ ಕಣ್ಣಿಗೆ ಬಿತ್ತು.

"ಇದೇನಕ್ಕಾ, ನಾಲ್ಕೂ ಮೂಲೆಗೆ?"

ನಾಚುತ್ತ ಕಾರಣ ಹೇಳಿದೆ. ಆಕೆ ನಗಲಿಲ್ಲ. ಒಂದು ಹಾಳೆಯನ್ನು ನಿಧಾನವಾಗಿ ಮಡಚಿ ತೋರಿಸಿದಳು. ಮೊದಲ ಮಡಿಕೆಗೆ ಎರಡೆರಡು ಮೂಲೆ ಒಂದಾದವು. ಎರಡನೆಯದಕ್ಕೆ ನಾಲ್ಕೂ ಒಂದೇ ಕಡೆ ಬಂದು ಸೇರಿದವು. ಮೂರನೆಯದು ಮುಗಿದಾಗ ಅರಿಶಿನವೆಲ್ಲ ಪುಟದ ಕೆಳಗಿನ ಹೊರಮೂಲೆಯಲ್ಲಿ, ಸರಿಯಾಗಿ ಪುಟ ತಿರುವಲು ಹೆಬ್ಬೆರಳಿಡುವ ಜಾಗದಲ್ಲಿ, ಗುಂಪುಗೂಡಿತ್ತು.

"ನೋಡಿ. ನಿಮ್ಮತ್ತೆ ಎಲ್ಲಿ ಇಟ್ರೂ ಅದು ಸೇರೋದು ಇಲ್ಲಿಗೇ."

ಕಟಿಂಗ್ ಮಿಷನ್ನಿನ ರಾಜಣ್ಣ ಬಂದು ನೋಡಿದರು. "ಪೂರ್ತಿ ಕತ್ತರಿಸಿದ್ರೆ ಕೊನೇ ಸಾಲೂ ಹೋಗುತ್ತೆ. ಅಂಚು ಮಾತ್ರ ತೆಗೀತೀನಿ. ಉಳಿದದ್ದು ಇರಲಿ ಬಿಡಿ, ಮದುವೆ ಪುಸ್ತಕ ತಾನೆ" ಎಂದರು. ಹತ್ತಿಪ್ಪತ್ತು ವರ್ಷ ಕಾಗದದ ನಡುವೆ ಇದ್ದವರಿಗೆ ಬರುವ ಔದಾರ್ಯ ಅದು. ನಾನಾಗಿದ್ದರೆ ಗಿರಾಕಿಯನ್ನು ಹಾಳೆಗಳ ಸಮೇತ ಆಚೆ ಕಳಿಸುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿ ನಾನು ಒಂದು ಮೂಲೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನನಗೆ ಸಹಾಯ ಮಾಡುವ ಉಮೇದು!

ಫಾರಮ್ಮುಗಳನ್ನು ಒಂದೊಂದಾಗಿ ಎತ್ತಿ ಪುಸ್ತಕ ಕೂಡಿಸುವ ಕೆಲಸ ಬಂತು. ದೊಡ್ಡ ಮೇಜು, ಅದರ ನಾಲ್ಕು ಮೂಲೆಗೆ ನಾಲ್ಕು ಗುಡ್ಡೆ. ಮೇಜಿನ ಸುತ್ತ ನಡೆಯುತ್ತ ಒಂದೊಂದರಿಂದ ಒಂದೊಂದು ಎತ್ತಿಕೊಂಡು, ಹಿಂದಿನದರ ಕೆಳಗೆ ಇಟ್ಟರೆ ಒಂದು ಸುತ್ತಿಗೆ ಒಂದು ಪುಸ್ತಕ. "ಇದು ಮಾಡ್ತೀರಾ ಅಕ್ಕಾ? ಸುತ್ತು ಹಾಕೋದು ಅಷ್ಟೇ" ಎಂದು ಹೇಳಿ ಶಕೀಲಕ್ಕ ಅಂಟಿನ ಮಿಷನ್ನಿನ ಕಡೆ ಹೋದಳು.

ಸುತ್ತು ಹಾಕುವುದು ನನಗೆ ಬರುವುದಿಲ್ಲವೇ? ನಲವತ್ತು ವರ್ಷದಿಂದ ಹಾಕುತ್ತಿದ್ದೇನೆ! ಮೊದಲ ಸುತ್ತು ಕಾವ್ಯಳ ಪ್ರತಿಗೆ ಎಂದು ಸಂಕಲ್ಪ ಮಾಡಿಕೊಂಡೆ. ಅದು ಮಡಿಲಿಗೆ ಹೋಗುವ ಪ್ರತಿ. ಅದಕ್ಕೆ ಮಾತ್ರ ಗಟ್ಟಿ ರಟ್ಟು, ಮೇಲೆ ಕೆಂಪು ಬಟ್ಟೆ, ದಾರದ ಹೊಲಿಗೆ ಎಂದು ರಾಜಣ್ಣನ ಹತ್ತಿರ ಮೊದಲೇ ಹೇಳಿದ್ದೆ. ಭಕ್ತಿಯಿಂದ ಒಂದು ಸುತ್ತು ಹಾಕಿ, ಕೂಡಿಸಿದ ನಾಲ್ಕು ಫಾರಮ್ಮನ್ನು ಬೇರೆಯಾಗಿ ಸ್ಟೂಲಿನ ಮೇಲಿಟ್ಟೆ. ನಂತರ ಸರಾಗವಾಗಿ ಸುತ್ತುತ್ತ ಹೋದೆ. ಅತ್ತೆಯ ಪದವೊಂದನ್ನು ಗುನುಗುತ್ತಿದ್ದೆ ಕೂಡ.

ಸುಮಾರು ಇಪ್ಪತ್ತು ಪುಸ್ತಕವಾದಾಗ ಶಕೀಲಕ್ಕ ಓಡಿಬಂದಳು.

"ಅಕ್ಕಾ! ಅಕ್ಕಾ! ನಿಂತ್ಕೊಳ್ಳಿ! ಎಡಗಡೆಯಿಂದ ಯಾಕೆ ಹೋಗ್ತಿದ್ದೀರ? ಒಂದನೇ ಫಾರಂ ಇರೋದು ಬಲಗಡೆ!"

"ಪ್ರದಕ್ಷಿಣೆ ಅಂದ್ರೆ ಹೀಗೇ ತಾನೆ ಹಾಕೋದು?" ಎಂದೆ, ಅಭ್ಯಾಸದ ಮೇಲೆ.

ಆಕೆ ಬಿದಿರು ಪಟ್ಟಿಯಿಂದ ಮೇಜು ತಟ್ಟಿದಳು. "ಇದು ಮೇಜು ಅಕ್ಕಾ. ದೇವಸ್ಥಾನ ಅಲ್ಲ."

ಹಾಲಿನಲ್ಲಿದ್ದ ಎಲ್ಲರೂ ನಕ್ಕರು. ಕಟಿಂಗ್ ಮಿಷನ್ನೂ ಒಮ್ಮೆ ನಿಂತಿತು. ನಾನು ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವಂತೆ ಮೇಜನ್ನು ಬಲಕ್ಕಿಟ್ಟುಕೊಂಡು ಸುತ್ತಿದ್ದೆ. ಹಾಗಾಗಿ ನನಗೆ ಮೊದಲು ಸಿಕ್ಕಿದ್ದು ನಾಲ್ಕನೇ ಫಾರಮ್ಮು, ಕೊನೆಗೆ ಸಿಕ್ಕಿದ್ದು ಒಂದನೆಯದು. ಆ ಪುಸ್ತಕಗಳೆಲ್ಲ ಶುರುವಾಗುತ್ತಿದ್ದದ್ದು ನಲವತ್ತೊಂಬತ್ತನೇ ಪುಟದಿಂದ. ನಲವತ್ತೊಂಬತ್ತನೇ ಪುಟದಲ್ಲಿದ್ದದ್ದು ಹೆಣ್ಣು ಒಪ್ಪಿಸುವ ಪದ!

ಶಕೀಲಕ್ಕ ಮೇಜಿನ ಮೇಲಿದ್ದ ಕಟ್ಟನ್ನು ಇಸ್ಪೀಟೆಲೆ ಕಲಸುವ ಚುರುಕಿನಲ್ಲಿ ಸರಿಮಾಡಿದಳು. ಮುಂದಿನ ಸುತ್ತುಗಳನ್ನು ತಾನೇ ಹಾಕಿದಳು. ಆಕೆಯ ನಡಿಗೆಯಲ್ಲಿ ಒಂದು ಲಯವಿತ್ತು, ಒಂದು ಹೆಜ್ಜೆಯೂ ಹೆಚ್ಚಿಲ್ಲ. ನನ್ನನ್ನು ಹೊದಿಕೆಗಳ ಧೂಳು ಒರೆಸಲು ಕೂರಿಸಿದರು. ಅದರಲ್ಲಿ ನಾನು ತಪ್ಪು ಮಾಡಲಿಲ್ಲ. ಮಾಡಿದ್ದರೂ ಯಾರೂ ಹೇಳಲಿಲ್ಲ.

ಬಿಸಿ ಅಂಟು ಹಾಕಿ, ಹೊದಿಕೆ ಕೂರಿಸಿ, ಮೂರು ಕಡೆ ಅಂಚು ಕತ್ತರಿಸಿದಾಗ ಪುಸ್ತಕ ಎಂಬುದು ಹುಟ್ಟಿತು. ಕೈಗೆ ತೆಗೆದುಕೊಂಡೆ. ಇನ್ನೂ ಬೆಚ್ಚಗಿತ್ತು. ಸಂಜೆ ಐದರ ಒಳಗೆ ಕಟ್ಟು ಸಿದ್ಧವಾಯಿತು. ರಾಜಣ್ಣ ಕೆಂಪು ಬಟ್ಟೆಯ ಪ್ರತಿಯನ್ನು ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಿ ತಂದುಕೊಟ್ಟರು.

"ನಾಳೆ ಬೆಳಿಗ್ಗೆವರೆಗೂ ಬಿಚ್ಚಬೇಡಿ ಮೇಡಂ. ಅಂಟು ಹಸಿ ಇದೆ. ಈಗ ತೆಗೆದ್ರೆ ರಟ್ಟು ಸೊಟ್ಟ ಆಗುತ್ತೆ, ಒಳಗಿನ ಹಾಳೆ ಸುಕ್ಕು ಬೀಳುತ್ತೆ."

ನಾನು ಶಕೀಲಕ್ಕನ ಕೈ ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ. ಆಕೆ ಹೇಳಿದ್ದು ನೆನಪಿದೆ: "ಇನ್ನೊಂದು ಪುಸ್ತಕ ಮಾಡಿಸಿದ್ರೆ ಬನ್ನಿ ಅಕ್ಕಾ. ಹಾಳೆ ಮಾತ್ರ ಮನೆಗೆ ತಗೊಂಡು ಹೋಗ್ಬೇಡಿ."

ಚನ್ನರಾಯಪಟ್ಟಣದ ಬಸ್ಸು ಶಾಂತಿಗ್ರಾಮ ದಾಟುವಾಗ ನಾನು ಸೀಟಿನಲ್ಲಿ ತಟ್ಟನೆ ನೆಟ್ಟಗೆ ಕೂತೆ. ಶಕೀಲಕ್ಕ ಸರಿಮಾಡಿದ್ದು ಮೇಜಿನ ಮೇಲಿದ್ದ ಕಟ್ಟನ್ನು. ಕಾವ್ಯಳ ಪ್ರತಿ ಇದ್ದದ್ದು ಸ್ಟೂಲಿನ ಮೇಲೆ!

ಅದನ್ನೂ ನಾನು ಸರಿಮಾಡಿದೆ, ರಾಜಣ್ಣನಿಗೆ ಕೊಡುವ ಮೊದಲು ನಾಲ್ಕು ಫಾರಮ್ಮನ್ನೂ ತಿರುಗಿಸಿ ಜೋಡಿಸಿದೆ ಎಂಬ ಸ್ಪಷ್ಟವಾದ ನೆನಪು ನನಗಿದೆ. ನಗುವವರ ಮುಂದೆ ನಾಚಿಕೆಯಿಂದ ಅದನ್ನು ಹಾಗೇ ಎತ್ತಿ ರಾಜಣ್ಣನ ಕೈಗೆ ಕೊಟ್ಟೆ ಎಂಬ ನೆನಪೂ ಅಷ್ಟೇ ಸ್ಪಷ್ಟವಾಗಿದೆ. ಯಜಮಾನರನ್ನು ಕೇಳಿದೆ.

"ನಾನು ಆಗ ಕಾಫಿ ಕುಡಿಯೋಕೆ ಹೋಗಿದ್ದೆ" ಎಂದರು. ಬೇಕಾದಾಗ ಈ ಮನುಷ್ಯ ಯಾವತ್ತೂ ಕಾಫಿಗೆ ಹೋಗಿರುತ್ತಾರೆ.

ರಾಜಣ್ಣನಿಗೆ ಫೋನು ಮಾಡಿದೆ.

"ನಾನು ಹೊಲಿಯೋನು ಮೇಡಂ, ಓದೋನಲ್ಲ" ಎಂದರು.

ಇರಲಿ, ಬೆಳಿಗ್ಗೆ ಅಂಟು ಆರಿದ ಮೇಲೆ ತೆಗೆದು ನೋಡಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಬೆಳಿಗ್ಗೆ ಛತ್ರದಲ್ಲಿ ಎದ್ದು ನೋಡಿದರೆ ಹಲಗೆಗಳು ಮಾತ್ರ ಬಿದ್ದಿವೆ, ಪುಸ್ತಕವಿಲ್ಲ. ಅತ್ತೆ ಸ್ನಾನ ಮಾಡಿ, ಅದನ್ನು ಹೊಸ ಕುಪ್ಪಸದ ಕಣದಲ್ಲಿ ಸುತ್ತಿ, ಗಂಟು ಹಾಕಿ, ದೇವರ ಮುಂದೆ ಇಟ್ಟು ಊದುಬತ್ತಿ ಹಚ್ಚಿದ್ದರು.

"ಅತ್ತೆ, ಒಂದು ನಿಮಿಷ ಕೊಡಿ. ಒಳಗೆ ಅಂಟು ಆರಿದೆಯಾ ನೋಡಿಬಿಡ್ತೀನಿ."

"ಮುಟ್ಬ್ಯಾಡ! ದೇವ್ರ ಮುಂದೆ ಇಟ್ಟಾಯ್ತು. ಇನ್ನು ಎಣ್ಣೇ ಗಂಡನ ಮನೇಲಿ ಬಿಚ್ಬೇಕು."

"ಎರಡೇ ಎರಡು ಪುಟ, ಅತ್ತೆ..."

"ಏನವ್ವಾ, ಪದ ಎಲ್ಲಾ ವರ್ಸೆಯಾಗಿ ಅವೆ ತಾನೆ?" ಅತ್ತೆಯ ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಇವೆ ಅತ್ತೆ" ಎಂದೆ. ಇತರ ಪ್ರತಿಗಳ ಮಟ್ಟಿಗೆ ಅದು ಸತ್ಯ.

ಧಾರೆ ಮುಗಿಯಿತು. ಮಡಿಲು ತುಂಬಲು ಐದು ಜನ ಮುತ್ತೈದೆಯರನ್ನು ಕರೆದರು. ಕರೆಯುವ ಮೊದಲೇ ನಾನು ಮುಂದೆ ಹೋಗಿ ನಿಂತಿದ್ದೆ. ನನ್ನ ಯೋಜನೆ ಸರಳವಾಗಿತ್ತು. ಅಕ್ಕಿ ಹಾಕುವ ನೆಪದಲ್ಲಿ ಕೈ ಒಳಗೆ ಬಿಟ್ಟು, ಗಂಟು ಸಡಿಲಿಸಿ, ರಟ್ಟನ್ನು ಒಂದಿಷ್ಟು ಎತ್ತಿ, ಮೊದಲ ಪುಟದ ನಂಬರು ನೋಡುವುದು. ನನ್ನ ಸರದಿ ಬಂತು. ಕಾವ್ಯ ಸೆರಗು ಹಿಡಿದು ಕೂತಿದ್ದಳು, ಪುಸ್ತಕದ ಗಂಟು ಆಗಲೇ ಅದರ ತಳ ಸೇರಿತ್ತು. ಅಕ್ಕಿ ಹಾಕಿದೆ, ಕೈ ಒಳಗೇ ಬಿಟ್ಟೆ. ಬೆರಳಿಗೆ ಕೊಬ್ಬರಿ ಸಿಕ್ಕಿತು, ಬೆಲ್ಲದಚ್ಚು ಸಿಕ್ಕಿತು, ಕಾಯಿ ಸಿಕ್ಕಿತು. ಕಾಯಿಯನ್ನು ಆಚೆ ತಳ್ಳದೆ ಗಂಟು ಸಿಗುವಂತಿರಲಿಲ್ಲ. ತಳ್ಳಿದೆ. ಅದು ಮಡಿಲಿನ ಅಂಚಿಗೆ ಬಂದು ಇಣುಕಿತು.

ಗಂಡಿನ ಕಡೆಯ ಅಜ್ಜಿ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಯಾಕವ್ವಾ, ಆಕಿದ್ ಕಾಯಿ ವಾಪಸ್ ಎತ್ಕತೀಯಾ? ಚನ್ನರಾಯಪಟ್ಣದಲ್ಲಿ ಕಾಯಿಗೆ ಬರ ಬಂತಾ?"

"ಚಿಕ್ಕಮ್ಮಾ, ಏನ್ ಮಾಡ್ತಿದ್ದೀರಾ?" ಎಂದು ಕಾವ್ಯ ಹಲ್ಲು ಕಚ್ಚಿಕೊಂಡು ಕೇಳಿದಳು.

ಅದೇ ಕ್ಷಣಕ್ಕೆ ಫೋಟೋಗ್ರಾಫರು, "ಮೇಡಂ, ಇಲ್ಲಿ ನೋಡಿ!" ಎಂದ. ನೋಡಿದೆ. ಮದುವೆ ಆಲ್ಬಮ್ಮಿನ ಪೂರ್ತಿ ಒಂದು ಪುಟದಲ್ಲಿ, ಮುಂಗೈವರೆಗೂ ಮದುಮಗಳ ಮಡಿಲಿಗೆ ಕೈ ಹಾಕಿಕೊಂಡು, ಸಿಕ್ಕಿಬಿದ್ದ ಮುಖದಲ್ಲಿ ನಾನಿದ್ದೇನೆ. ಆ ಪುಟ ಮಾತ್ರ ಬಹಳ ಚೆನ್ನಾಗಿ ಅಚ್ಚಾಗಿದೆ.

ಉಳಿದದ್ದೆಲ್ಲ ಎಷ್ಟು ಚೆಂದವಾಗಿ ನಡೆಯಿತು! ಅತ್ತೆ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪದ ಹೇಳಿದರು. ಅವರು ಓದುವುದು ಒಂದೊಂದೇ ಅಕ್ಷರ ಕೂಡಿಸಿಕೊಂಡು. ಆದರೆ ಪದ ಮುಂದೆ ಹೋದ ಹಾಗೆ ಸರಿಯಾದ ಜಾಗದಲ್ಲಿ ಪುಟ ತಿರುವುತ್ತಿದ್ದರು. ಅರಿಶಿನದ ಮೂಲೆಯ ಮೇಲೆ ಹೆಬ್ಬೆರಳು ತಾನಾಗಿ ಕೂರುತ್ತಿತ್ತು. ಊಟದ ಹಾಲಿನಲ್ಲಿ ನಾನು ತನಿಖಾ ದಳದವಳಂತೆ ತಿರುಗಿ, ಕಂಡವರ ಕೈಯಿಂದ ಪುಸ್ತಕ ಕಿತ್ತು ಮೊದಲ ಪುಟ ನೋಡಿದೆ. ಎಲ್ಲವೂ ಒಂದರಿಂದಲೇ ಶುರು. ಶಕೀಲಕ್ಕನ ಕೈ ದಾಟಿ ಬಂದ ಒಂದು ಪುಸ್ತಕದಲ್ಲೂ ತಪ್ಪಿರಲಿಲ್ಲ. ಸಂಶಯವಿದ್ದದ್ದು ನನ್ನ ಕೈ ದಾಟಿ ಹೋದ ಒಂದೇ ಒಂದರ ಮೇಲೆ. ಅದು ಮಧ್ಯಾಹ್ನ ಮೂರಕ್ಕೆ ಹೂವಿನ ಕಾರಿನಲ್ಲಿ ನುಗ್ಗೇಹಳ್ಳಿಗೆ ಹೊರಟಿತು.

ಆಷಾಢಕ್ಕೆ ಕಾವ್ಯ ತವರಿಗೆ ಬಂದಳು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳೆಲ್ಲ ಬರುತ್ತಾರೆ, ಅದು ಪದ್ಧತಿ. ಸುದ್ದಿ ಕೇಳಿದಾಗ ನನಗೆ ಮಾತ್ರ ಅತ್ತೆಯ ಎಚ್ಚರಿಕೆ ನೆನಪಾಯಿತು. ಅವತ್ತೇ ಚನ್ನರಾಯಪಟ್ಟಣಕ್ಕೆ ಓಡಿದೆ. ಹುಡುಗಿ ಮೊಬೈಲು ಹಿಡಿದು ನಗುತ್ತ ಕೂತಿದ್ದಳು. ಪುಸ್ತಕ ಎಲ್ಲಿ ಎಂದರೆ, "ಅಲ್ಲೇ ಬೀರುವಿನಲ್ಲಿದೆ ಚಿಕ್ಕಮ್ಮ. ಹೋದ ಮೇಲೆ ನೋಡಿ ಹೇಳ್ತೀನಿ" ಎಂದಳು.

ಶ್ರಾವಣದಲ್ಲಿ ಹೋದಳು. ಗೌರಿ ಹಬ್ಬವೂ ಕಳೆಯಿತು. ಶಕೀಲಕ್ಕನಿಗೆ ಬಾಗಿನ ಕೊಡುವ ನೆಪದಲ್ಲಿ ಹಾಸನಕ್ಕೆ ಹೋದಾಗ, ಆಕೆ ಮೊದಲು ಕೇಳಿದ್ದು ಅದನ್ನೇ: "ಆ ಕೆಂಪು ಪುಸ್ತಕ ಬರಾಬರ್ ಇತ್ತಾ ಅಕ್ಕಾ?" ನಾನು ಜೋರಾಗಿ ತಲೆಯಾಡಿಸಿದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಕಾವ್ಯಳಿಗೆ ವಾಟ್ಸಾಪಿನಲ್ಲಿ ಬರೆದೆ. ಕ್ಷಣದಲ್ಲಿ ಎರಡು ನೀಲಿ ಗೆರೆ ಬಿದ್ದವು. ಆಮೇಲೆ ಅವಳು ಹೊಸ ಸೀರೆಯ ಫೋಟೋ ಕಳಿಸಿದ್ದಾಳೆ, ಹುಳಿಪುಡಿಗೆ ಮೆಂತ್ಯ ಎಷ್ಟು ಎಂದು ಕೇಳಿದ್ದಾಳೆ, ನಾನು ಉತ್ತರವನ್ನೂ ಕೊಟ್ಟಿದ್ದೇನೆ. ನನ್ನ ಪ್ರಶ್ನೆ ಮಾತ್ರ ಮೇಲೆ ಎಲ್ಲೋ ಹಾಗೇ ನಿಂತಿದೆ:

'ಕಾವ್ಯಾ, ನಿನ್ನ ಪುಸ್ತಕದಲ್ಲಿ ಮೊದಲು ಬರುವುದು ಅರಿಶಿನದ ಪದವೋ, ಹೆಣ್ಣು ಒಪ್ಪಿಸುವ ಪದವೋ?'